ಕಸ್ತೂರಿಯ ಬೆನ್ನಿಗೊಂದು ಹಳೆಯ ಜೀನು

ಹಳೆಯ ವಸ್ತುವೊಂದನ್ನು ಮನೆಗೆ ತಂದರೆ, ಅದನ್ನು ಬಳಸಿ ಬಿಟ್ಟವರೂ ಸದ್ದಿಲ್ಲದೆ ಜೊತೆಗೆ ಬಂದು ಸೇರಿಕೊಳ್ಳುತ್ತಾರೆ ಎಂಬುದು ನನ್ನ ಅನುಭವ. ನಮ್ಮವರು ಯಾವುದೋ ಹರಾಜಿನಲ್ಲಿ ಒಂದು ಆರಾಮ ಕುರ್ಚಿ ತಂದರು. ಅದರಲ್ಲಿ ಯಾರು ಕೂತರೂ ಎಡಕ್ಕೆ ವಾಲುತ್ತಾರೆ. ಮೊದಲಿನ ಯಜಮಾನ ಎಡಕ್ಕೆ ವಾಲಿಕೊಂಡು ಪೇಪರು ಓದುತ್ತಿದ್ದನೆಂದು ಕಾಣುತ್ತದೆ. ಈಗ ನಮ್ಮ ನೆಂಟರೆಲ್ಲ ಆ ಪುಣ್ಯಾತ್ಮನಂತೆಯೇ ವಾಲಿಕೊಂಡು ಕಾಫಿ ಕುಡಿಯುತ್ತಾರೆ. ಹೋಗಲಿ, ಕುರ್ಚಿ ಒಬ್ಬರಿಗೆ ಒಗ್ಗಿದರೆ ಸಾಕು. ಕುದುರೆಯ ಜೀನಿಗೆ ಹಾಗಲ್ಲ, ಮೇಲೊಬ್ಬರು, ಕೆಳಗೊಬ್ಬರು. ಇಬ್ಬರಿಗೂ ಒಗ್ಗುವ ಹಳೆಯ ಜೀನು ಹುಡುಕಲು ಹೊರಟ ಹೆಂಗಸು ಆಗಿನ ದಾವಣಗೆರೆಯಲ್ಲಿ ನಾನೊಬ್ಬಳೇ ಇದ್ದಿರಬೇಕು.

ಕುದುರೆ ನನ್ನ ಅಪ್ಪಾಜಿಯದು. ಹರಿಹರದಲ್ಲಿ ಹೊಳೆದಂಡೆಯ ಗದ್ದೆಗೆ ಅವರು ಕಸ್ತೂರಿಯ ಮೇಲೇ ಹೋಗಿ ಬರುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಣ್ಣ ಮೋಟಾರ್ ಸೈಕಲ್ ತಂದ. ಕಸ್ತೂರಿ ಮೇವು ಮುಟ್ಟದೆ ಗೋಡೆ ನೋಡುತ್ತ ನಿಂತಿರುತ್ತಿತ್ತು. ಹೆಣ್ಣುಮಕ್ಕಳು ತವರಿನಿಂದ ಸೀರೆ ತರುತ್ತಾರೆ, ಬೆಳ್ಳಿ ಬಟ್ಟಲು ತರುತ್ತಾರೆ. ನಾನು ಬಡಕಲು ಕುದುರೆಯೊಂದನ್ನು ತಂದೆ. ಜೀನು ಮಾತ್ರ ಬರಲಿಲ್ಲ. ಅದನ್ನು ಅತ್ತಿಗೆ ಪಡಸಾಲೆಯಲ್ಲಿ ಅಪ್ಪಾಜಿಯ ಫೋಟೋದ ಕೆಳಗೆ ಮಣೆ ಹಾಕಿ ಕೂರಿಸಿ, ವಿಭೂತಿ ಹಚ್ಚಿ, ದಿನವೂ ಹೂವು ಏರಿಸುತ್ತಿದ್ದರು. "ಮಾವನವರು ಕುಂತ ಜಾಗ, ತಂಗೀ. ಅದನ್ನ ಹೆಂಗೆ ಕೊಡ್ಲಿ?" ಎಂದರು. ಮಾವನವರು ಬದುಕಿದ್ದಾಗ ಅದೇ ಜೀನಿನ ಬೆವರು ವಾಸನೆಗೆ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದವರೂ ಅವರೇ. ಆದರೆ ಪೂಜೆಗೆ ಕೂತುಬಿಟ್ಟ ವಸ್ತುವನ್ನು ಮತ್ತೆ ಕೇಳಲು ಬಾಯಿ ಹೇಗೆ ಬಂದೀತು?

ನಮ್ಮವರದು ಹತ್ತಿ ವ್ಯಾಪಾರ. ಶಾಮನೂರಿನಾಚೆ ಸ್ವಲ್ಪ ಹೊಲವೂ ಇತ್ತು, ಅಲ್ಲಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಹಿತ್ತಲಲ್ಲಿ ಕಸ್ತೂರಿಯನ್ನು ಕಂಡು ಹೇಳಿದರು: "ಕಟ್ಟಿಹಾಕಿ ಚಂದ ನೋಡೋಕೆ ಇದೇನು ಗಿಳೀನಾ? ಯುಗಾದಿ ತನಕ ನೋಡಣ. ಜೀನು ಸಿಕ್ತಾ, ನಾನೇ ಹತ್ತಿ ಹೊಲಕ್ಕೆ ಹೋಗ್ತೀನಿ. ಸಿಗಲಿಲ್ಲಾ, ಹರಿಹರದ ಬಾಷಾ ಸಾಬ್ರು ಟಾಂಗಾಕ್ಕೆ ಬೇಕಂತ ಕೇಳ್ಯಾರೆ, ಕಳಿಸಿಬಿಡಣ."

"ಹೊಸದೇ ಮಾಡಿಸಿದರೆ?" ಎಂದೆ.

"ಅದರ ವಯಸ್ಸಿಗೆ ಹೊಸ ಜೀನಾ? ನನ್ನ ಮೈಮೇಲಿನ ಕೋಟು ನೋಡು, ಮದುವಿಯಾಗೆ ಹೊಲಿಸಿದ್ದು."

ಹೀಗೆ ಕಸ್ತೂರಿಯ ಹಣೆಬರಹ ಒಂದು ಹಳೆಯ ತೊಗಲಿನ ಮೇಲೆ ನಿಂತಿತು. ಬಾಷಾ ಸಾಹೇಬರಿಗೆ ಟಾಂಗಾ ಹೊಡೆಯುವುದರ ಜೊತೆಗೆ ಜೀನು, ಲಗಾಮು ರಿಪೇರಿ ಮಾಡುವ ಕೆಲಸವೂ ಇತ್ತು. ಕುದುರೆಯ ಬೆನ್ನಿನ ಅಳತೆ ಕಳಿಸಿದರೆ ಸುತ್ತಮುತ್ತಲ ಊರಲ್ಲಿ ವಿಚಾರಿಸುವುದಾಗಿ ಹೇಳಿಕಳಿಸಿದರು. ಕಾನ್ವೆಂಟಿನಲ್ಲಿ ಸಿಸ್ಟರು ತಲೆಯ ಮೇಲೆ ಪುಸ್ತಕವಿಟ್ಟುಕೊಂಡು ಬೀಳಿಸದೆ ನಡೆಯುವುದನ್ನು ಕಲಿಸಿದ್ದರು. ಕುದುರೆಯ ಬೆನ್ನು ಅಳೆಯುವುದನ್ನು ಕಲಿಸಿರಲಿಲ್ಲ. ನಾನು ಗೋಧಿಹಿಟ್ಟನ್ನು ಗಟ್ಟಿಯಾಗಿ ಕಲಸಿ, ಹಗ್ಗದಂತೆ ಹೊಸೆದು, ಕಸ್ತೂರಿಯ ಹೆಗಲ ಮೇಲೆ ಕಮಾನಿನಂತೆ ಒತ್ತಿದೆ. ಒಣಗಿದರೆ ಆಕಾರ ಉಳಿಯುತ್ತದೆ ಎಂಬುದು ನನ್ನ ಲೆಕ್ಕ. ಒಳಗೆ ಹೋಗಿ ಹಾಲು ಇಳಿಸಿ ಬರುವಷ್ಟರಲ್ಲಿ ಕಸ್ತೂರಿ ಮೈ ಕೊಡವಿ ಅಳತೆಯನ್ನು ಕೆಳಗೆ ಬೀಳಿಸಿ, ತಿಂದು ಮುಗಿಸಿತ್ತು. ಅಪ್ಪಾಜಿ ಹೋದ ಮೇಲೆ ಅದು ಮನಸ್ಸಿಟ್ಟು ತಿಂದದ್ದು ಅದೇ ಮೊದಲು. ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಮತ್ತೊಂದು ಹಗ್ಗ ಹೊಸೆದೆ. ಅದನ್ನು ಅಳತೆಗೆಂದು ಹೊಸೆದೆನೋ ತಿನ್ನಿಸಲೆಂದು ಹೊಸೆದೆನೋ ಹೇಳಲಾರೆ.

ಕೊನೆಗೆ ಬಟ್ಟೆ ಹೊಲಿಯುವ ಟೇಪಿನ ಅಳತೆಯೇ ಹರಿಹರಕ್ಕೆ ಹೋಯಿತು. ಮೊದಲು ಬಂದದ್ದು ಪೆನ್ಶನ್ ಪಡೆದ ಪೊಲೀಸ್ ಸವಾರರೊಬ್ಬರ ಜೀನು. ಕಸ್ತೂರಿಗೆ ಎರಕ ಹೊಯ್ದಂತೆ ಕೂತಿತು. ಆದರೆ ಆ ಪೊಲೀಸಿನವರು ಕಡ್ಡಿಯಂಥ ಆಸಾಮಿಯಿರಬೇಕು. ನಮ್ಮವರು ಹತ್ತಿ ಕೂತರೆ ಅರ್ಧ ಮಾತ್ರ ಜೀನಿನ ಮೇಲೆ, ಉಳಿದರ್ಧ ದೇವರ ಮೇಲೆ ಭಾರ. ಎರಡನೆಯದು ಮದುವೆಯ ಮೆರವಣಿಗೆಯ ಕುದುರೆಯದು: ಕೆಂಪು ಮಖಮಲ್ಲು, ಜರಿಯ ಅಂಚು, ಸುತ್ತಲೂ ಗೆಜ್ಜೆ. ಇಬ್ಬರಿಗೂ ಒಗ್ಗಿತು. ಗೆಜ್ಜೆಗಳನ್ನು ನಾನೇ ಬಿಚ್ಚಿದೆ, ಆದರೆ ಮಖಮಲ್ಲನ್ನು ಏನು ಮಾಡಲಿ? ನಮ್ಮವರು ಒಂದೇ ಒಂದು ದಿನ ಅದರ ಮೇಲೆ ಹೊರಟರು. ಹತ್ತಿ ಮಾರ್ಕೆಟ್ಟಿನ ಮುಂದೆ ಯಾರೋ ಕೂಗಿದರಂತೆ: "ಸಾವ್ಕಾರ್ರೇ, ಹೆಣ್ಣು ಯಾವೂರ್ದು?" ಇನ್ನೊಬ್ಬ, "ಮನಿಯಾಗೆ ಅಮ್ಮಾರು ಒಪ್ಯಾರೇನ್ರಿ?" ಎಂದನಂತೆ. ಇವರು ಇಳಿದು, ಲಗಾಮು ಹಿಡಿದು, ನಡೆದುಕೊಂಡೇ ಮನೆಗೆ ಬಂದರು. ಅಂದು ರಾತ್ರಿ ಊಟಕ್ಕೆ ಕೂತಾಗ ತಟ್ಟೆಯಿಂದ ಮುಖ ಎತ್ತಲಿಲ್ಲ. ಸಾರಿಗೆ ಉಪ್ಪಿರಲಿಲ್ಲ, ಅದನ್ನೂ ಹೇಳಲಿಲ್ಲ.

ಯುಗಾದಿ ಹತ್ತಿರವಾಗುತ್ತಿತ್ತು. ದಿನವೂ ಸಂಜೆ ದೀಪ ಹಚ್ಚುವ ಮುಂಚೆ ನಾನು ಹಿತ್ತಲಿಗೆ ಹೋಗಿ ಕಸ್ತೂರಿಗೆ ಹತ್ತಿಕಾಳು, ಮಿಕ್ಕ ರೊಟ್ಟಿ ಕೊಟ್ಟು, ಕೊನೆಗೆ ಬೆಲ್ಲ ತಿನ್ನಿಸುತ್ತಿದ್ದೆ. ಅಪ್ಪಾಜಿಯ ಮಾತಾಡುತ್ತಿದ್ದೆ. ಆ ಮನೆಯಲ್ಲಿ ಅವರ ಸದ್ದು ಗೊತ್ತಿದ್ದವರು ನಾವಿಬ್ಬರೇ ತಾನೆ. ಎದುರಿಗಿದ್ದವರಿಗೆ ಬಡಿಸಿ ಸುಮ್ಮನೆ ನೋಡುತ್ತ ನಿಲ್ಲುವುದು ಒಳ್ಳೆಯ ನಡತೆಯಲ್ಲ ಎಂದು ಸಿಸ್ಟರು ಕಲಿಸಿದ್ದರು. ಆದ್ದರಿಂದ ಬೆಲ್ಲದಲ್ಲಿ ಅದಕ್ಕೊಂದು ಉಂಡೆ, ನನಗೊಂದು ಉಂಡೆ.

ಹಬ್ಬದ ಹಿಂದಿನ ವಾರ ಅತ್ತಿಗೆಯೇ ಜೀನನ್ನು ಬಾಷಾ ಸಾಹೇಬರ ಕೈಲಿ ಹೊರಿಸಿಕೊಂಡು ಬಂದರು. "ಕನಸಿನಾಗೆ ಮಾವನವರು ಬಂದಿದ್ರು, ತಂಗೀ. ಕೂಡ್ರಿ ಅಂದೆ. ನನ್ನ ಜಾಗದಾಗೆ ಹೂವ ಇಟ್ಟೀಯಲ್ಲವ್ವ, ಎಲ್ಲಿ ಕುಂದ್ರಲಿ ಅಂದ್ರು," ಎಂದು ಕಣ್ಣೊರೆಸಿಕೊಂಡರು.

ಜೀನನ್ನು ಜಗಲಿಯ ಕಟ್ಟೆಯ ಮೇಲಿಟ್ಟು ನಮ್ಮವರು ಕೂತು ನೋಡಿದರು. ಅಪ್ಪಾಜಿಯದೂ ಉಂಡು ಬೆಳೆದ ಮೈಯಲ್ಲವೆ, ಸರಿಯಾಗಿ ಹಿಡಿಸಿತು. "ಮಾವನವರ ಅಳತೆ ನನ್ನ ಅಳತೆ ಒಂದೇ ಐತೆ ನೋಡೇ!" ಎಂದು ಮದುಮಗನಂತೆ ನಕ್ಕರು. ಎಲ್ಲರೂ ಹಿತ್ತಲಿಗೆ ನಡೆದೆವು. ಕಸ್ತೂರಿ ಜೀನಿನ ವಾಸನೆ ಹಿಡಿದು ಒಮ್ಮೆ ಮೆಲ್ಲಗೆ ಕೆನೆಯಿತು. ಬಾಷಾ ಸಾಹೇಬರು ಜೀನನ್ನು ಬೆನ್ನಿಗೇರಿಸಿದರು. ಅದು ದೊಡ್ಡ ಹಂಡೆಯ ಮೇಲೆ ಚೊಂಬಿನ ಮುಚ್ಚಳ ಇಟ್ಟಂತೆ ಮೇಲೆಯೇ ನಿಂತಿತು. ಹೊಟ್ಟೆಯ ಕೆಳಗಿನ ಪಟ್ಟಿ ಎಷ್ಟು ಎಳೆದರೂ ಗೇಣುದ್ದ ಸಾಲದು.

"ಜೀನು ಅದೇ ಐತೆ, ಅಮ್ಮಾರೆ, ಕುದುರೇನೇ ಬ್ಯಾರೆ ಆಗೈತೆ!" ಎಂದರು ಬಾಷಾ ಸಾಹೇಬರು. "ಏನು ಹಾಕ್ತಿದ್ರಿ ಇದಕ್ಕೆ?"

ನಮ್ಮವರು ನನ್ನನ್ನು ನೋಡಿದರು. ನಾನು ಹತ್ತಿಕಾಳಿನ ಡಬ್ಬ ನೋಡಿದೆ.

"ಒಳಗಿನ ಮರದ ಕಮಾನು ಅಗಲ ಮಾಡೋಕೆ ಬರಲ್ರಿ. ಕುದುರೇನೇ ಇಳಿಬೇಕು. ನನ್ನ ಟಾಂಗಾಕ್ಕೆ ಕಟ್ಟಿದ್ರೆ ತಾನಾಗೇ ಇಳೀತೈತೆ."

ಅತ್ತಿಗೆ ಜೀನನ್ನು ತಿರುಗಿ ತೆಗೆದುಕೊಂಡು ಹೋದರು. ಯುಗಾದಿಯ ಮರುದಿನ ಕಸ್ತೂರಿಯೂ ಹೋಯಿತು. ಹಿತ್ತಲ ಗೂಟವನ್ನು ಯಾರೂ ಕೀಳಲಿಲ್ಲ. ಅದಕ್ಕೀಗ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದೇನೆ.

ಅಪ್ಪಾಜಿಯ ವರ್ಷದ ಕಾರ್ಯಕ್ಕೆಂದು ಹರಿಹರದಲ್ಲಿ ರೈಲಿಳಿದಾಗ ಸ್ಟೇಷನ್ನಿನ ಹೊರಗೆ ಬಾಷಾ ಸಾಹೇಬರ ಟಾಂಗಾ ನಿಂತಿತ್ತು. ಕಸ್ತೂರಿಯ ಮೈ ಇಳಿದಿತ್ತು. ಬೆನ್ನು ಅಪ್ಪಾಜಿಯ ಕಾಲದಲ್ಲಿದ್ದಂತೆಯೇ. ಈಗ ಆ ಜೀನು ಇಟ್ಟಿದ್ದರೆ ತಪ್ಪದೆ ಕೂರುತ್ತಿತ್ತು. ಕಣ್ಣಿನ ಎರಡೂ ಬದಿಗೆ ತೊಗಲಿನ ಪಟ್ಟಿ ಕಟ್ಟಿದ್ದರಿಂದ ಅದಕ್ಕೆ ನಾನು ಕಾಣಲಿಲ್ಲ. ಚೀಲದಿಂದ ಬೆಲ್ಲದ ಎರಡು ಉಂಡೆ ತೆಗೆದೆ.

"ಬ್ಯಾಡ್ರಿ ಅಮ್ಮಾರೆ," ಎಂದರು ಬಾಷಾ ಸಾಹೇಬರು. "ಈಗಷ್ಟೇ ಮರೆತೈತೆ. ಮತ್ತೆ ರುಚಿ ಹತ್ತಿದ್ರೆ ಸಂಜಿಯಾದ್ರೆ ಸಾಕು, ದಾರಿಯಾಗೇ ನಿಂತುಬಿಡತೈತೆ."

ಉಂಡೆಗಳನ್ನು ಮುಷ್ಟಿಯಲ್ಲೇ ಹಿಡಿದು ಹಿಂದೆ ಹತ್ತಿ ಕೂತೆ. ಕುದುರೆಯ ಇಕ್ಕೆಲದ ಮೂಕಿಮರ ಮೇಲಕ್ಕೆದ್ದಿತು.

"ಹಿಂಭಾರ ಆತು, ಸ್ವಲ್ಪ ಮುಂದಕ್ಕೆ ಬರ್ರಿ."

ಸರಿದೆ.

"ಇನ್ನೂ ಸ್ವಲ್ಪ ಬರ್ರಿ, ಅಮ್ಮಾರೆ. ಬ್ಯಾಸರ ಮಾಡ್ಕೋಬ್ಯಾಡ್ರಿ, ಕುದುರೆ ಬಡಕಲು."

ಸರಿದು ಸರಿದು ಬಾಷಾ ಸಾಹೇಬರ ಬೆನ್ನಿಗೆ ತಾಗುವಷ್ಟು ಮುಂದೆ ಬಂದ ಮೇಲೆ ತೂಕ ಸರಿಯಾಯಿತು. ಕೈ ಚಾಚಿದರೆ ಕಸ್ತೂರಿಯ ಬೆನ್ನು ಸಿಗುತ್ತಿತ್ತು. ಚಾಚಲಿಲ್ಲ. ಮುಷ್ಟಿಯಲ್ಲಿ ಬೆಲ್ಲ ಬಿಸಿಲಿಗೆ ಕರಗತೊಡಗಿತ್ತು. ತವರಿನ ಬಾಗಿಲು ಬರುವಷ್ಟರಲ್ಲಿ ಎರಡೂ ಉಂಡೆಗಳನ್ನು ನಾನೇ ತಿಂದು ಮುಗಿಸಿದ್ದೆ.