ಏಳು ವರಗಳ ಬಗ್ಗೆ ಮಾವನ ರಿಪೋರ್ಟು

ನನ್ನ ಸೋದರಮಾವ ಒಂದೇ ಏಟಿಗೆ ಏಳು ತರಕಾರಿಗಳ ಮದುವೆ ತಪ್ಪಿಸಿದವರು ಎಂದರೆ ನೀವು ನಂಬಲಿಕ್ಕಿಲ್ಲ. ಬದನೆ, ಹಾಗಲ, ಪಡುವಲ, ಕೊನೆಗೆ ಯಾರಿಗೂ ಕೇಡು ಬಯಸದ ಸೌತೆಕಾಯಿ ಕೂಡ ಅವರ ಕೈಯಿಂದ ಪಾರಾಗಲಿಲ್ಲ! ಆ ಏಳೂ ವರಗಳನ್ನು ಹುಟ್ಟಿಸಿದವಳು ನಾನೇ ಆದ್ದರಿಂದ ಈ ಮಾತನ್ನು ಅಧಿಕಾರದಿಂದಲೇ ಹೇಳುತ್ತಿದ್ದೇನೆ.

ಕಡಬದ ಮಾವ ಮದುವೆ ದಲ್ಲಾಳಿಯಲ್ಲ, ಜ್ಯೋತಿಷಿಯೂ ಅಲ್ಲ. ಅವರು ವಿಚಾರಿಸುವವರು. ನಮ್ಮ ಕಡೆ ಜಾತಕ ಕೂಡಿದ ಮೇಲೆ, ಮಾತುಕತೆಗೆ ಮೊದಲು, ಒಬ್ಬರು ಹುಡುಗನ ಊರಿಗೆ ಹೋಗಿ ಸದ್ದಿಲ್ಲದೆ ವಿಚಾರಿಸಿ ಬರಬೇಕು. ಹುಡುಗನ ಮನೆಗೆ ಹೋಗುವ ಹಾಗಿಲ್ಲ. ಅಲ್ಲಿ ಎಲ್ಲರೂ ಒಳ್ಳೆಯವರೇ ಇರುತ್ತಾರೆ. ಕ್ಷೌರದಂಗಡಿ, ರೇಷನ್ ಅಂಗಡಿ, ಹಾಲಿನ ಸೊಸೈಟಿ, ಜೀಪಿನ ಡ್ರೈವರ್ ಇವರ ಬಾಯಿಂದ ಸಂಗತಿ ಹೊರಡಬೇಕು. ಸುಳ್ಯದಿಂದ ಪುತ್ತೂರಿನವರೆಗೆ ಹೆಣ್ಣು ಹೆತ್ತವರು ಈ ಕೆಲಸಕ್ಕೆ ಮಾವನನ್ನೇ ಹುಡುಕಿಕೊಂಡು ಬರುತ್ತಿದ್ದರು. ರಾಮಕುಂಜದ ಕಡೆಯ ಒಬ್ಬ ಹುಡುಗನಿಗೆ ಊರಿಗೆ ಊರೇ ಸರ್ಟಿಫಿಕೇಟು ಕೊಟ್ಟಿತ್ತು. ಮಾವ ಮಾತ್ರ, ಹುಡುಗ ಅಂಗಳಕ್ಕೆ ಬಂದಾಗ ಅವನದೇ ನಾಯಿ ಎದ್ದು ಹಿತ್ತಿಲಿಗೆ ಹೋದದ್ದನ್ನು ರಸ್ತೆಯಿಂದಲೇ ಕಂಡು ಬಂದು ಹೇಳಿದರು. ಸಂಬಂಧ ಮುರಿಯಿತು. ನಾಯಿಯ ಮಾತು ಕೇಳಿ ಯಾರಾದರೂ ಸಂಬಂಧ ಬಿಡುವುದುಂಟೇ ಎಂದು ಅಮ್ಮ ರೇಗಿದ್ದಕ್ಕೆ, ನಾಯಿಗೆ ಯಾರ ದಾಕ್ಷಿಣ್ಯವೂ ಇಲ್ಲವಲ್ಲ ಎಂದರಂತೆ.

ಇನ್ನು ನನ್ನ ತರಕಾರಿಗಳ ವಿಷಯ. ಪುತ್ತೂರಿನ ಒಂದು ಸ್ಟೇಷನರಿ ಅಂಗಡಿಯ ಮಹಡಿಯಲ್ಲಿ ಕೂತು, ನಾನೂ ನನ್ನ ಗೆಳತಿಯೂ ಮೂರು ವರ್ಷ ತಲೆ ಕೆಡಿಸಿಕೊಂಡು ಒಂದು ಕಂಪ್ಯೂಟರ್ ಗೇಮು ಮಾಡಿದೆವು. ಆಡುವವರು ಒಂದು ಪುಟ್ಟ ಪೇಟೆಗೆ ಬಂದ ಹುಡುಗಿ. ಅಲ್ಲಿ ವರಗಳನ್ನು ಮಾತಾಡಿಸಿ, ಚಾಕ್ಕೆ ಕರೆದು, ಮನಸ್ಸು ಗೆದ್ದು, ಕೊನೆಗೆ ಒಬ್ಬನನ್ನು ಒಪ್ಪಬೇಕು. ಇಂಥ ಗೇಮುಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ನಮ್ಮದರಲ್ಲಿ ವರಗಳೆಲ್ಲ ತರಕಾರಿಗಳು, ಅಷ್ಟೇ ವ್ಯತ್ಯಾಸ. ಹಾಗಲಕಾಯಿ ಕವಿತೆ ಬರೆಯುತ್ತಾನೆ. ಬಾಳೆನಾರಿನಲ್ಲಿ ಕಟ್ಟಿ ಮನೆಯ ಮಾಡಿಗೆ ತೂಗುಹಾಕಿದ ಸೌತೆಕಾಯಿ ತಿಂಗಳುಗಟ್ಟಲೆ ಕೆಡದೆ ಕಾಯುತ್ತಾನೆ. ನನಗೆ ಅವನ ಮೇಲೆಯೇ ಸ್ವಲ್ಪ ಮನಸ್ಸಿತ್ತು ಎಂದರೆ ನಗಬೇಡಿ!

ವಿಮರ್ಶೆಗಳು ಬಂದವು. ಕೆಲವರು ಹೊಟ್ಟೆ ಹಿಡಿದು ನಕ್ಕರಂತೆ. ಒಬ್ಬರು, ಸಾಂಬಾರಿಗೆ ಹೋಗಬೇಕಾದವರನ್ನು ಸಪ್ತಪದಿಗೆ ಕರೆದಿದ್ದಾರೆ ಎಂದು ಬರೆದರು. ಅದೂ ಹೋಗಲಿ. ಬಹಳ ಜನ ಓದುವ ಜಾಲತಾಣವೊಂದರ ವಿಮರ್ಶಕರು ಹತ್ತರಲ್ಲಿ ನಾಲ್ಕು ಅಂಕ ಕೊಟ್ಟು, ತಮಾಷೆ ಹತ್ತು ನಿಮಿಷಕ್ಕೆ ಮುಗಿಯುತ್ತದೆ, ಗೇಮು ಮುಗಿಯುವುದಿಲ್ಲ ಎಂದುಬಿಟ್ಟರು. ಆಮೇಲೆ ಬಂದವರೆಲ್ಲ ಅದನ್ನೇ ತಿರುಗಿಸಿ ಮುರುಗಿಸಿ ಬರೆದರು. ನನಗೆ ಅನ್ನ ಸೇರಲಿಲ್ಲ. ತಿಂಗಳ ಕೊನೆಗೆ ಗೇಮನ್ನು ಹಿಂದಕ್ಕೆ ತೆಗೆಯುವುದು, ನಾನು ಮತ್ತೆ ಟ್ಯೂಷನ್ ಹೇಳಲು ಹೋಗುವುದು ಎಂದು ಗೆಳತಿಗೆ ಹೇಳಿದೆ. ಇನ್ನು ಜನ್ಮದಲ್ಲಿ ಗೇಮು ಮಾಡುವವಳಲ್ಲ ಎಂದು ನಿಶ್ಚಯಿಸಿದ್ದೆ.

ಅಮ್ಮ ಫೋನು ಮಾಡಿದ್ದೇ ಮಾವ ಬಸ್ಸು ಹತ್ತಿ ಬಂದರು. ಕನ್ನಡಕ ಏರಿಸಿ, ವಿಮರ್ಶೆಗಳನ್ನೆಲ್ಲ ನನ್ನಿಂದ ಓದಿಸಿದರು. ಪ್ರತಿಯೊಂದಕ್ಕೂ, ಈ ಮನುಷ್ಯ ಆ ಪೇಟೆಯಲ್ಲಿ ಎಷ್ಟು ಹೊತ್ತು ಇದ್ದ ಎಂದು ಕೇಳಿದರು. ಗೇಮು ಮಾರುವ ಕಡೆ, ಬರೆದವರ ಹೆಸರಿನ ಪಕ್ಕದಲ್ಲಿ ಆಡಿದ ಹೊತ್ತೂ ಕಾಣುತ್ತದೆ. ಕೆಲವರದ್ದು ಎರಡು ಗಂಟೆ.

"ಎರಡು ಗಂಟೆಯಲ್ಲಿ ಇಲ್ಲಿಂದ ಸುಬ್ರಹ್ಮಣ್ಯಕ್ಕೆ ಹೋಗಿ ಬರ್ಲಿಕ್ಕೂ ಆಗುದಿಲ್ಲ," ಎಂದು ಮಾವ ಗಂಭೀರವಾಗಿ ಹೇಳಿ, ನನ್ನ ಹಳೆಯ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಕಡಬಕ್ಕೆ ಹೋದರು.

ನಾಲ್ಕು ದಿನ ಕಳೆದು ಫೋನಿನಲ್ಲಿ, ಸೌತೆಕಾಯಿ ಹೇಗನಿಸಿದ ಎಂದು ಕೇಳಿದೆ. ಮಾವ ಅವನನ್ನು ಮಾತಾಡಿಸಿಯೇ ಇರಲಿಲ್ಲ! ಮೊದಲು ವಿಚಾರಿಸದೆ ಹುಡುಗನನ್ನು ಮಾತಾಡಿಸುವುದುಂಟೇ? ಅವರು ಗೇಮಿನ ಕ್ಷೌರದಂಗಡಿಯ ಮುಂದೆ ಬೀಡುಬಿಟ್ಟಿದ್ದರು. ಆ ಕ್ಷೌರಿಕನನ್ನು ನಾನು ಬೀದಿ ಖಾಲಿ ಕಾಣಬಾರದೆಂದು ನಿಲ್ಲಿಸಿದ್ದು. ಅವನಿಗೆ ಬರುವುದು ಎರಡೇ ವಾಕ್ಯ: ಇವತ್ತು ಸೆಕೆ ಜಾಸ್ತಿ, ಮುಂದಿನವರು ಬನ್ನಿ. ಮಾವ ಅವನನ್ನು ಒತ್ತಿ ಒತ್ತಿ ಕೇಳಿ, ಸೆಕೆಯ ಸುದ್ದಿ ಬಿಟ್ಟು ಬೇರೇನೂ ಸಿಗದೆ ಸೋತಿದ್ದರು.

"ಕ್ಷೌರದವನಿಗೆ ಊರಿನ ಸುದ್ದಿ ಗೊತ್ತಿಲ್ಲದ ಊರು ಎಲ್ಲಿ ಉಂಟು ಮಾರಾಯ್ತಿ?" ಎಂದರು.

ಎರಡು ವಾರದ ಮೇಲೆ ಮಾವನ ವಿಮರ್ಶೆ ಪ್ರಕಟವಾಯಿತು. ಆಡಿದ್ದು ಅರುವತ್ತೊಂದು ಗಂಟೆ. ಸ್ವಂತ ಮಾವ, ನಾಲ್ಕು ಒಳ್ಳೆಯ ಮಾತು ಇರುತ್ತದೆ ಎಂದು ಅಮ್ಮನನ್ನೂ ಗೆಳತಿಯನ್ನೂ ಕೂರಿಸಿಕೊಂಡು ಓದಿದೆ. ಹುಡುಗರು ಏಳು ಮಂದಿಯೂ ಚಂದ ಮಾತಾಡುತ್ತಾರೆ, ಆದರೆ ಅವರ ಬಗ್ಗೆ ಹೇಳುವವರು ಊರಿನಲ್ಲಿ ಒಬ್ಬರೂ ಇಲ್ಲ, ಇಂಥ ಊರಿಗೆ ಹೆಣ್ಣು ಕೊಡಬಾರದು ಎಂದು ಬರೆದಿದ್ದರು. ಕೆಳಗೆ, ಹೆಬ್ಬೆರಳು ನೆಲಕ್ಕೆ ಮಾಡಿದ ಗುರುತನ್ನು ಒತ್ತಿದ್ದರು!

ಜಗಳಕ್ಕೆಂದೇ ಕಡಬದ ಬಸ್ಸು ಹತ್ತಿದೆ. ಮಾವ ಜಗಲಿಯಲ್ಲಿದ್ದರು. ಒಳಗೆ, ಅವರ ಜೊತೆಯಲ್ಲೇ ಇರುವ ತಂಗಿ, ನನ್ನ ಚಿಕ್ಕಮ್ಮ, ಏನೋ ಹೆಚ್ಚುತ್ತಿದ್ದರು. ಹೊರಗಿನವರು ಹೊಡೆದದ್ದು ಸಾಲದೆ ನೀವೂ ಹೊಡೆಯಬೇಕಿತ್ತೇ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಮಾವ ಮುಗಿಯುವವರೆಗೆ ಕೇಳಿದರು. ಆಮೇಲೆ ತಗ್ಗಿದ ಸ್ವರದಲ್ಲಿ ಹೇಳಿದರು:

"ನಿನ್ನ ಚಿಕ್ಕಮ್ಮನ ಸಂಬಂಧ ಬಂದಾಗ ವಿಚಾರಿಸ್ಲಿಕ್ಕೆ ನಾನೇ ಹೋದದ್ದು. ಬಸ್ಸಿಂದ ಇಳ್ದೆ, ಒಂದು ಚಾ ಕುಡ್ದೆ, ವಾಪಸು ಬಂದೆ. ಯಾರಲ್ಲಿಯೂ ಕೇಳ್ಲಿಲ್ಲ. ಅವಳಿಗೆ ಅಷ್ಟು ಇಷ್ಟ ಇತ್ತು. ಕೇಳಿದ್ರೆ ಎಂತ ಹೇಳ್ತಾರೋ ಅಂತ ನನಗೆ ಹೆದರಿಕೆ. ಒಳ್ಳೆ ಮನೆ ಅಂತ ಹೇಳಿಬಿಟ್ಟೆ."

ಚಿಕ್ಕಮ್ಮ ಎರಡನೆಯ ವರ್ಷವೇ ಮುರಿದ ಕೈಯೊಂದಿಗೆ ವಾಪಸು ಬಂದದ್ದು ನನಗೆ ಗೊತ್ತಿತ್ತು. ಆ ಮನೆಯ ಸುದ್ದಿಯನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲ. ಮಾವ ಮದುವೆಯಾಗದೆ ಉಳಿದದ್ದೂ, ಆಮೇಲೆ ನಾಯಿಯ ಸಾಕ್ಷಿಯನ್ನೂ ಬಿಡದಷ್ಟು ಕಠಿಣರಾದದ್ದೂ ಯಾಕೆಂದು ಆ ಹೊತ್ತಿಗೆ ತಿಳಿಯಿತು.

"ನಿನ್ನ ಮೇಲೆ ಪ್ರೀತಿ ಉಂಟು," ಎಂದರು ಮಾವ. "ಅದಕ್ಕೇ ಅಷ್ಟು ಗಂಟೆ ಕೂತದ್ದು."

ನನ್ನ ಕೋಪ ಎಲ್ಲಿ ಹೋಯಿತೋ. ಅಷ್ಟು ವಿಮರ್ಶಕರಲ್ಲಿ ನಾನು ಕಟ್ಟಿದ ಊರಿನ ಬೀದಿ ಬೀದಿ ತಿರುಗಿ, ಇಲ್ಲದ ಮನುಷ್ಯರನ್ನು ಹುಡುಕಿದವರು ಇವರೊಬ್ಬರೇ. ಗೇಮನ್ನು ತೆಗೆಯುವುದಿಲ್ಲ, ಊರಿನವರಿಗೆಲ್ಲ ಮಾತು ಬರೆಯುತ್ತೇನೆ, ನೀವೇ ಹೇಳಿಕೊಡಿ ಎಂದೆ. ಮಾವ ಆಗಲಿ ಎಂದು ತಲೆಯಾಡಿಸಿದರು. ಆದರೆ ಅವರ ಕಣ್ಣು ನನ್ನ ಮೇಲಿರಲಿಲ್ಲ. ಚಿಕ್ಕಮ್ಮ ಬಾಗಿಲಿಗೆ ಬಂದು ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಅಣ್ಣ, ನೀನು ಬೇಡ ಅಂತ ಹೇಳಿದ್ರೂ ನಾನು ಅಲ್ಲಿಗೇ ಹೋಗ್ತಿದ್ದೆ," ಎಂದರು.

"ಇಷ್ಟು ವರ್ಷ ನೀನು ಹೇಳ್ಲಿಲ್ಲ," ಎಂದರು ಮಾವ.

"ನೀನು ಕೇಳ್ಲಿಲ್ಲ," ಎಂದು ಚಿಕ್ಕಮ್ಮ ಅವರ ಪಕ್ಕದಲ್ಲಿ ಬಂದು ಕೂತರು.