ಒದ್ದೆ ಬಟ್ಟೆಯಲ್ಲಿ ದುಬೈ ಸಿಗಾರು

ಹಟ ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಕೊರಟಗೆರೆಯಲ್ಲಿ ಒಬ್ಬರೇ ಇದ್ದಾರೆ. ಅವರನ್ನು ನಾನು ಮದುವೆಯಾಗಿದ್ದೇನೆ. ಹೊಸದರಲ್ಲೇ ಆಕೆ ನನ್ನನ್ನು ಗೊರವನಹಳ್ಳಿಗೆ ಕರೆದೊಯ್ದು, ಮಹಾಲಕ್ಷ್ಮಿಯ ಮುಂದೆ ನಿಲ್ಲಿಸಿ, "ಇನ್ಮೇಲೆ ಹೊಗೆ ಬಿಡಲ್ಲ" ಎಂದು ಆಣೆ ಮಾಡಿಸಿದಳು. ಅಂದಿನಿಂದ ಬೀಡಿ ಮುಟ್ಟಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಹಚ್ಚಿದರೆ ಗಾಳಿ ಬರುವ ದಿಕ್ಕು ನೋಡಿಕೊಂಡು ನಿಲ್ಲುತ್ತೇನೆ, ಅಷ್ಟೆ. ಮೂಗಿನ ಮಾತು ಆಣೆಯಲ್ಲಿ ಇರಲಿಲ್ಲ.

ಹೀಗಿರುವಾಗ ನಮ್ಮ ಶಾಲೆಯ ಡ್ರಿಲ್ ಮಾಸ್ತರು, ಶಿರಾದ ಅಮಾನುಲ್ಲಾ, ದುಬೈಯಲ್ಲಿರುವ ಭಾವಮೈದುನನ ಮನೆಗೆ ಹೋಗಿ ಬಂದವರು ನನಗೆಂದು ಒಂದು ಸಿಗಾರು ತಂದರು. ಒಂದೇ ಒಂದು. ಅದಕ್ಕೊಂದು ಮರದ ಪೆಟ್ಟಿಗೆ, ಸೊಂಟಕ್ಕೆ ಬಂಗಾರದ ಬಣ್ಣದ ಕಾಗದದ ಪಟ್ಟಿ.

"ಮಾಮೂಲಿ ಚುಟ್ಟಾ ಅಲ್ಲ ಸಾರ್, ಖಾಸ್ ಮಾಲು. ಲಿಮಿಟೆಡ್ ಎಡಿಷನ್. ತಾತಂದಿರ ಕಾಲದ ಕಂಪ್ನಿ, ಇಷ್ಟೇ ಇಷ್ಟು ಮಾಡಿ ನಿಲ್ಲಿಸ್ಬುಟ್ರಂತೆ. ಒಣಗೋಕೆ ಮಾತ್ರ ಬಿಡ್ಬೇಡಿ, ತಂಪಾಗಿಡಿ. ಹೊಗೆ ಹೆಂಗಿತ್ತು ಅಂತ ಸೋಮವಾರ ಹೇಳ್ಬೇಕು."

ನಾನು ಅಲ್ಲೇ ನಿರ್ಧರಿಸಿದೆ. ಭಾನುವಾರ ಸಿದ್ದರಬೆಟ್ಟದ ಕಡೆ ಹೋಗಿ, ಜನ ಸುಳಿಯದ ಬಂಡೆಯೊಂದನ್ನು ಹುಡುಕಿ, ಕಾಲ ಮೇಲೆ ಕಾಲು ಹಾಕಿ ಸೇದಿಯೇ ತೀರುವುದು. ಆಣೆಯ ಗತಿ? ಇಷ್ಟು ದುಬಾರಿ ವಸ್ತುವಿನ ಮೇಲೆ ಲಕ್ಷ್ಮಿಗೆ ಯಾಕೆ ಸಿಟ್ಟು ಬರುತ್ತದೆ ಎಂದು ಸಮಾಧಾನ ಹೇಳಿಕೊಂಡೆ. ಹೆಂಡತಿಗೆ ಹೇಳುವ ಸಮಾಧಾನ ಹೊಳೆಯಲಿಲ್ಲ. ಆದ್ದರಿಂದ ಬಚ್ಚಿಡಬೇಕಾಯಿತು.

ತಂಪಾಗಿ ಎಲ್ಲಿಡುವುದು? ನಮ್ಮ ಬೇಸಿಗೆಗೆ ಬೀರುವಿನೊಳಗಿನ ನಿಂಬೆಹಣ್ಣೂ ಗೋಲಿಯಾಗುತ್ತದೆ. ಫ್ರಿಜ್ಜು ಹೆಂಡತಿಯ ರಾಜ್ಯ. ಆಗ ಅಡುಗೆಮನೆ ಮೂಲೆಯ ನೀರಿನ ಮಡಕೆ ಕಣ್ಣಿಗೆ ಬಿತ್ತು. ಅದರ ಬುಡದಲ್ಲಿ ನಮ್ಮ ಅತ್ತೆ ತಮ್ಮ ವೀಳ್ಯದೆಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಾರೆ; ಎಲೆ ವಾರವಾದರೂ ಬಾಡುವುದಿಲ್ಲ. ಎಲೆಗಳ ನಡುವೆ ಸಿಗಾರನ್ನು ಮಲಗಿಸಿ, ಖಾಲಿ ಪೆಟ್ಟಿಗೆಯನ್ನು ಅಟ್ಟಕ್ಕೆಸೆದು, ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಭಾನುವಾರ ಬೆಳಿಗ್ಗೆ ಬೆಂಕಿಪೊಟ್ಟಣ ಜೇಬಿಗಿಳಿಸಿ ಮೆಲ್ಲಗೆ ಅಡುಗೆಮನೆಗೆ ಹೋದೆ. ಮಡಕೆ ಬುಡದ ಒದ್ದೆ ಬಟ್ಟೆ ಬಿಚ್ಚಿತ್ತು. ಅತ್ತೆ ಕಾಲು ಚಾಚಿ ಕೂತು ಮೆಲ್ಲುತ್ತಿದ್ದರು. ಪಾವಗಡದ ಕಡೆಯವರು, ಎಲೆ ಅಡಿಕೆಗೆ ಹೊಗೆಸೊಪ್ಪಿಲ್ಲದಿದ್ದರೆ ಅವರಿಗೆ ಊಟ ಮಾಡಿದಂತೆಯೇ ಅಲ್ಲ.

"ಅಳಿಯಂದ್ರು ನಂಗೇಂತ ಸೊಪ್ಪು ತಂದು ಎಲೇಲಿ ಇಟ್ಟವ್ರೆ, ಬಾಯ್ಬಿಟ್ಟು ಹೇಳೇ ಇಲ್ಲ ನೋಡು," ಎಂದು ಮಗಳಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಪರ್ವಾಲೇದು ಕಣಪ್ಪ, ಖಾರ ಒಸಿ ಕಮ್ಮಿ. ಆ ಬಂಗಾರದ ಕಾಗ್ದ ಮಾತ್ರ ಕಿತ್ತಾಕ್ದೆ," ಎಂದರು.

ಹೆಂಡತಿ ನನ್ನನ್ನು ಅಭಿಮಾನದಿಂದ ನೋಡಿದಳು. ಮದುವೆಯಾದ ಮೇಲೆ ಅಂಥ ನೋಟ ಬಿದ್ದದ್ದು ಅಪರೂಪ. ನನಗೆ ಅಳು ಬರುವಂತಾಗಿತ್ತು. ಆದರೂ ಹಟ ಹಟವೇ. ಉಳಿದಿದ್ದ ಬೆರಳುದ್ದದ ತುಂಡನ್ನು ಬಿಡಲು ಮನಸ್ಸಾಗಲಿಲ್ಲ. "ನಂಗೂ ಒಂದೆಲೆ ಮಡಚಿ ಕೊಡಿ ಅತ್ತೆ," ಎಂದೆ. ಸುಣ್ಣ ಹಚ್ಚಿ ಕೊಟ್ಟರು. ಅಗಿದೆ. ಸ್ವಲ್ಪ ಹೊತ್ತು ಸಿದ್ದರಬೆಟ್ಟವೇ ನಮ್ಮ ಅಡುಗೆಮನೆಯನ್ನು ಸುತ್ತಿತು.

ಸೋಮವಾರ ಅಮಾನುಲ್ಲಾ ಗೇಟಿನಲ್ಲೇ ಹಿಡಿದರು. "ಹೊಗೆ ಹೆಂಗಿತ್ತು ಸಾರ್?"

"ಒಂಚೂರೂ ಬರಲಿಲ್ಲ," ಎಂದೆ.

ಅವರು ಹೆಮ್ಮೆಯಿಂದ ತಲೆಯಾಡಿಸಿದರು. "ಅದೇ ಸಾರ್ ಕ್ವಾಲಿಟಿ ಅಂದ್ರೆ."

ಆಣೆಯೂ ಮುರಿಯಲಿಲ್ಲ. ಹೊಗೆ ಬಿಡಲ್ಲ ಎಂದಿದ್ದೆ. ಅಗಿಯುವ ಮಾತು ದೇವಿಯ ಮುಂದೆ ಬಂದೇ ಇರಲಿಲ್ಲ. ಈಗ ದಿನಾ ಊಟವಾದ ಮೇಲೆ ಅತ್ತೆಯ ಪಕ್ಕ ನಾನೂ ಕಾಲು ಚಾಚಿ ಕೂರುತ್ತೇನೆ. ನಿನ್ನೆಯಿಂದ ಹೆಂಡತಿ ಗೊರವನಹಳ್ಳಿ ಬಸ್ಸಿನ ಟೈಮು ವಿಚಾರಿಸುತ್ತಿದ್ದಾಳೆ.