ಏಕಾದಶಿ ಉಳಿಸಿಕೊಳ್ಳಲು ಹೋಗಿ

ವ್ಯಾಯಾಮ ಮಾಡಬೇಕೆಂಬ ಉತ್ಸಾಹ ಮನುಷ್ಯರಿಗೆ ಬರುವುದು ಹೆಚ್ಚಾಗಿ ಗಡದ್ದಾಗಿ ಉಂಡು ಅಡ್ಡಾದ ಮೇಲೆ. ಹಾಗೆ ಮಲಗಿಕೊಂಡು ನಾಳೆಯಿಂದ ಎಂದು ಮನಸ್ಸಿನಲ್ಲೇ ನಡೆಯುವ ನಡಿಗೆಯಷ್ಟು ಸುಖದ ನಡಿಗೆ ಬೇರೊಂದಿಲ್ಲ. ಕಾಲಿಗೆ ನೋವಿಲ್ಲ, ಚಪ್ಪಲಿಗೆ ಸವೆತವಿಲ್ಲ. ನಾನೂ ಎಷ್ಟೋ ವರ್ಷ ಹೀಗೆ ಮಲಗಿಯೇ ನಡೆದವಳು. ಆದರೆ ದೀಪಾವಳಿ ಮುಗಿದ ಮೇಲೆ ಪುತ್ತೂರಿನ ಡಾಕ್ಟ್ರು ನನ್ನ ರಕ್ತಪರೀಕ್ಷೆಯ ರಿಪೋರ್ಟು ನೋಡಿ ಮೆಲ್ಲಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟ್ರು ಕನ್ನಡಕ ಹಾಕಿಕೊಂಡರೆ ಭಯವಿಲ್ಲ, ತೆಗೆದರೆ ಜಾಗ್ರತೆ.

“ಸಕ್ಕರೆ ಗಡಿಯಲ್ಲಿ ಬಂದು ನಿಂತಿದೆ ಅಮ್ಮ. ಮೂರು ತಿಂಗಳು ದಿನಾ ನಡೀರಿ. ಇಳಿದ್ರೆ ಸರಿ, ಇಲ್ದಿದ್ರೆ ಮಾತ್ರೆ ಶುರು ಮಾಡುದೇ. ಮಾತ್ರೆ ಶುರುವಾದ್ರೆ ಮತ್ತೆ ಹೊತ್ತಿಗೆ ಸರಿಯಾಗಿ ಊಟ ಆಗ್ಬೇಕು. ಉಪವಾಸ ಗಿಪವಾಸ ಎಲ್ಲ ಬಂದ್.”

ಮಾತ್ರೆಗೆ ಹೆದರುವವಳು ನಾನಲ್ಲ. ಆದರೆ ಏಕಾದಶಿ? ಮದುವೆಯಾಗಿ ಕಾಣಿಯೂರಿನ ಈ ಮನೆಗೆ ಬಂದಂದಿನಿಂದ ತಪ್ಪಿಸಿದವಳಲ್ಲ. ಕೆಲವರಿಗೆ ಸಂಗೀತ ಬರುತ್ತದೆ, ಕೆಲವರಿಗೆ ಹೊಲಿಗೆ ಬರುತ್ತದೆ. ನನಗೆ ಬರುವುದು ಏಕಾದಶಿ ಒಂದೇ. ಅದೂ ಹೋದರೆ ಊರವರು ನನ್ನನ್ನು ಯಾವುದಕ್ಕೆಂದು ಹೊಗಳಬೇಕು? ಮೊಣಕಾಲು ಗಟ್ಟಿಯಿಟ್ಟಿದ್ದಾನಲ್ಲ, ಅಷ್ಟು ದಯೆ ಸಾಕು ಎಂದು ದೇವರಿಗೆ ದೀಪ ಹಚ್ಚಿ, ಮರುದಿನವೇ ರಸ್ತೆಗಿಳಿದೆ. “ಮನಸ್ಸು ಗಟ್ಟಿ ಇದ್ರೆ ಎಲ್ಲ ಆಗ್ತದೆ” ಎಂದು ನಮ್ಮ ಯಜಮಾನರು ಈಸಿಚೇರಿನಲ್ಲಿ ಒರಗಿಕೊಂಡೇ ಹುರಿದುಂಬಿಸಿದರು.

ಮನಸ್ಸು ಗಟ್ಟಿಯಿತ್ತು ಮಾರಾಯ್ರೆ, ಊರು ಬಿಡಬೇಕಲ್ಲ! ನಮ್ಮ ಕಡೆ ಕೆಲಸವಿಲ್ಲದೆ ಯಾರೂ ರಸ್ತೆಯಲ್ಲಿ ನಡೆಯುವುದಿಲ್ಲ. ನಡೆಯುವ ಹೆಂಗಸನ್ನು ಕಂಡೂ ಗಾಡಿ ನಿಲ್ಲಿಸದೆ ಹೋದರೆ ಅದಕ್ಕಿಂತ ದೊಡ್ಡ ಅಹಂಕಾರವಿಲ್ಲ. ನಿಲ್ಲಿಸಿದ ಗಾಡಿಗೆ ಹತ್ತದಿದ್ದರೆ ಅದು ನಮ್ಮ ಅಹಂಕಾರ. ಮೊದಲ ದಿನ ಮೊದಲ ತಿರುವಿನಲ್ಲೇ ಆಚೆಮನೆಯ ಶೀನಪ್ಪಣ್ಣನ ಜೀಪು ನಿಂತಿತು.

“ಹತ್ತಿ ಅಕ್ಕ.”

“ಬೇಡ ಶೀನಪ್ಪಣ್ಣ, ನಾನು ವಾಕಿಂಗ್ ಹೋಗುದು.”

“ಎಲ್ಲಿಗೆ?”

“ಎಲ್ಲಿಗೂ ಇಲ್ಲ.”

“ಎಲ್ಲಿಗೂ ಇಲ್ಲದ್ರೆ ಇಷ್ಟು ಬಿಸಿಲಿಗೆ ನಡೆದು ಎಂತಕ್ಕೆ ಹೋಗುದು? ಜೀಪಲ್ಲೇ ಹೋಗುವ, ಹತ್ತಿ!”

ಸೆರಗು ಸುತ್ತಿಕೊಂಡು ಹತ್ತಿದೆ. ಪೇಟೆಯಲ್ಲಿ ಇಳಿದ ಮೇಲೆ ಸುಮ್ಮನೆ ಬಂದೆ ಎನ್ನಲು ನಾಚಿಕೆಯಾಗಿ, ಹೋಟೆಲಿನಿಂದ ಎಣ್ಣೆಯಲ್ಲಿ ಕರಿದ ಬಿಸಿ ಗೋಳಿಬಜೆ ಕಟ್ಟಿಸಿಕೊಂಡು ರಿಕ್ಷಾದಲ್ಲಿ ಮನೆಗೆ ಬಂದೆ. ಮರುದಿನವೂ ಅದೇ, ಅದರ ಮರುದಿನವೂ ಅದೇ. ಸಕ್ಕರೆ ಇಳಿಸಲು ಹೊರಟು ಇಷ್ಟು ಗೋಳಿಬಜೆ ತಿಂದವರು ಮೂರು ತಾಲೂಕಿನಲ್ಲಿ ಇರಲಾರರು.

ವಾರ ಕಳೆಯುವಷ್ಟರಲ್ಲಿ ಶೀನಪ್ಪಣ್ಣ ನಮ್ಮ ಜಗಲಿಗೇ ಬಂದು, ಇವರ ಕಿವಿಯ ಹತ್ತಿರ ಬಗ್ಗಿ, ಅಡುಗೆಮನೆಗೂ ಕೇಳುವಷ್ಟು ಗುಟ್ಟಾಗಿ ಹೇಳಿದ: “ಭಾವ, ಹೇಳ್ತೇನೆ ಅಂತ ಬೇಜಾರ ಮಾಡ್ಬೇಡಿ. ಮನೆಯಲ್ಲಿ ಎಂತ ಗಲಾಟೆ ಉಂಟು? ಅಕ್ಕ ದಿನಾ ಮನೆ ಬಿಟ್ಟು ಹೊರಡುದು. ಎಲ್ಲಿಗೆ ಅಂತ ಕೇಳಿದ್ರೆ ಎಲ್ಲಿಗೂ ಇಲ್ಲ ಅಂತಾರೆ!”

ಇವರ ಮುಖ ಬಾಡಿತು. “ನೀನು ಆರೋಗ್ಯ ಮಾಡ್ಲಿಕ್ಕೆ ಹೋಗಿ ನನ್ನ ಮರ್ಯಾದೆ ತೆಗಿಬೇಡ ಮಾರಾಯ್ತಿ. ನಡೀಲಿಕ್ಕೆ ಮನೆಯಂಗಳ ಇಲ್ವಾ?”

ಅಂಗಳವೇನೋ ಇತ್ತು, ಅದರ ತುಂಬ ಒಣಗಲು ಹಾಕಿದ ಅಡಿಕೆಯೂ ಇತ್ತು. ಹರಡಿದ ಅಡಿಕೆಯನ್ನು ಆಗಾಗ ಮಗುಚಬೇಕು. ಅದಕ್ಕೆ ನಮ್ಮಲ್ಲಿ ಯಂತ್ರವಿಲ್ಲ, ಕಾಲು. ಅಡಿಕೆಯ ನಡುವೆ ಪಾದ ಎಳೆಯುತ್ತಾ ಆ ತುದಿಯಿಂದ ಈ ತುದಿಗೆ ಸಾಲು ಹೊಡೆಯುತ್ತಾ ಹೋಗುವುದು. ಇಷ್ಟು ವರ್ಷ ಅದು ಇವರ ಕೆಲಸ. “ಹೇಗೂ ನಡೀತಿ ಅಲ್ವಾ, ಅಡಿಕೆಯ ಮೇಲೆಯೇ ನಡಿ” ಎಂದರು. ಅಂದಿನಿಂದ ಇವರಿಗೆ ನನ್ನ ಆರೋಗ್ಯದ ಮೇಲೆ ಹುಟ್ಟಿದ ಕಾಳಜಿಯನ್ನು ಏನೆಂದು ಬಣ್ಣಿಸಲಿ! ಕುಕ್ಕರಿನ ಕೂಗಿಗೂ ಏಳದ ಮನುಷ್ಯ, ಬಿಸಿಲು ಬಿದ್ದ ಕೂಡಲೇ “ವಾಕಿಂಗ್ ಇಲ್ವಾ ಇವತ್ತು? ಶರೀರ ಮುಖ್ಯ ಮಾರಾಯ್ತಿ” ಎನ್ನುತ್ತಿದ್ದರು. ಮೂಲೆಯಲ್ಲಿ ಅಡಿಕೆ ಅಲುಗದೆ ಉಳಿದರೆ, “ಆ ಕಡೆ ನಡಿಗೆ ಸ್ವಲ್ಪ ಕಡಿಮೆ ಆಯ್ತು” ಎಂದು ಬೆರಳು ತೋರಿಸುತ್ತಿದ್ದರು. ನಿತ್ಯ ವ್ಯಾಯಾಮಕ್ಕೆ ಪ್ರೇರಣೆ ಬೇಕು ಎನ್ನುವವರಿಗೆ ನನ್ನ ಸಲಹೆ ಇಷ್ಟೇ: ನಿಮ್ಮ ವ್ಯಾಯಾಮದಿಂದ ಗಂಡನ ಒಂದು ಕೆಲಸ ಮುಗಿಯುವಂತೆ ನೋಡಿಕೊಳ್ಳಿ. ಮತ್ತೆ ಒಂದು ದಿನವೂ ತಪ್ಪುವುದಿಲ್ಲ.

ಮೂರು ತಿಂಗಳ ಮೇಲೆ ಡಾಕ್ಟ್ರು ರಿಪೋರ್ಟು ನೋಡಿದರು. ಕನ್ನಡಕ ಮೂಗಿನ ಮೇಲೆಯೇ ಇತ್ತು. “ಇಳಿದಿದೆ ಅಮ್ಮ! ಮಾತ್ರೆ ಬೇಡ.” ಅಂಗಾಲಿನ ಬಿರುಕೆಲ್ಲ ಒಮ್ಮೆಲೇ ಮುಚ್ಚಿದಂತಾಯಿತು. ಇವರು ತಾವೇ ನಡೆದವರಂತೆ ಬೆವರು ಒರೆಸಿಕೊಂಡರು.

“ಹಾಗಾದ್ರೆ ಏಕಾದಶಿ ಮಾಡ್ಬಹುದಾ ಡಾಕ್ಟ್ರೆ?”

“ಧಾರಾಳ. ಆ ದಿನ ಎಂತ ತಗೊಳ್ತೀರಿ?”

ನಾನು ವಿನಯದಿಂದಲೇ ಹೇಳಿದೆ: “ಹೆಚ್ಚೆಂತ ಇಲ್ಲ. ಬೆಳಿಗ್ಗೆ ಒಗ್ಗರಣೆ ಅವಲಕ್ಕಿ, ಬಾಳೆಹಣ್ಣು. ಮಧ್ಯಾಹ್ನ ಗೋಧಿ ದೋಸೆಗೆ ಬೆಲ್ಲ, ಕಾಯಿ. ಮತ್ತೆ ಸಾಬಕ್ಕಿ ಪಾಯಸ. ಸಂಜೆ ಸಜ್ಜಿಗೆ. ಅನ್ನ ಮಾತ್ರ ಮುಟ್ಟುದಿಲ್ಲ.”

ಡಾಕ್ಟ್ರು ಇವರ ಮುಖ ನೋಡಿದರು. ಇವರು ಗೋಡೆಯ ಕ್ಯಾಲೆಂಡರು ನೋಡಿದರು.

“ಅಮ್ಮ, ಉಪವಾಸ ಖಂಡಿತ ಮಾಡಿ,” ಎಂದರು ಡಾಕ್ಟ್ರು, “ಆದ್ರೆ ಉಪವಾಸವನ್ನೇ ಮಾಡಿ. ಒಂದು ಹಣ್ಣು, ಮಜ್ಜಿಗೆ. ಸಾಕು.”

ಮೊನ್ನೆ ಮೊದಲ ಏಕಾದಶಿ. ಒಂದು ಹಣ್ಣು, ಮಜ್ಜಿಗೆ. ಮಧ್ಯಾಹ್ನದ ಹೊತ್ತಿಗೆ, ನನ್ನ ವ್ರತ ಉಳಿಸಿದ್ದಕ್ಕೆ ಕೃತಜ್ಞತೆ ಹೇಳೋಣವೆಂದು ದೇವರ ಕೋಣೆಯಲ್ಲಿ ಕೂತು ಕಣ್ಣು ಮುಚ್ಚಿದೆ. ಸ್ವಾಮಿ ಕಾಣಲಿಲ್ಲ, ಅವಲಕ್ಕಿ ಕಂಡಿತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಸಣ್ಣ ಸ್ವರದಲ್ಲಿ ಕೇಳಿಯೇಬಿಟ್ಟೆ:

“ಸ್ವಾಮೀ, ಆ ಮಾತ್ರೆ ಅಷ್ಟೆಂತ ಕೆಟ್ಟದಿತ್ತು?”